ಬೆಕ್ಕಿನ ವಿಚಿತ್ರ ಬಸಿರು ಮತ್ತು ಬಾಣಂತಿ ಬೆಕ್ಕಿನ ಆರೈಕೆ

ಬೆಕ್ಕು ಸಾಮಾನ್ಯವಾಗಿ 63ರಿಂದ 67 ದಿನಗಳಲ್ಲಿ ಮರಿ ಹಾಕುತ್ತದೆ. ಅದು ಗಂಡಿನೊಡನೆ ಕೂಡಿದ ದಿನ ತಿಳಿದಿದ್ದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು; ಯಾವುದು ಕೇವಲ ವಿಚಿತ್ರ, ಯಾವುದು ಅಪಾಯ ಎಂಬುದು ಮುಂದೆ ಬಹುಮಟ್ಟಿಗೆ ದಿನ ಮತ್ತು ಗಂಟೆಗಳ ಲೆಕ್ಕದಿಂದಲೇ ತಿಳಿಯುತ್ತದೆ. ಹೊಟ್ಟೆಯಲ್ಲಿ ಒಂದೇ ಮರಿಯಿದ್ದರೆ ಅದು ದೊಡ್ಡದಾಗಿ ಬೆಳೆದು ಹೆರಿಗೆ ತಡವಾಗುವುದುಂಟು. 70 ದಿನ ದಾಟಿದರೆ ಕಾಯುತ್ತ ಕೂರದೆ ಪಶುವೈದ್ಯರಿಗೆ ತೋರಿಸಬೇಕು.

ಬೆಕ್ಕಿನ ಅಂಡಾಣು ಕೂಡಿದ ಮೇಲೆಯೇ ಬಿಡುಗಡೆಯಾಗುವುದರಿಂದ, ಒಂದೇ ಬೆದೆಯಲ್ಲಿ ಹಲವು ಗಂಡುಗಳೊಡನೆ ಸೇರಿದ ಬೆಕ್ಕಿನ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರಬಹುದು. ಇದು ರೋಗವಲ್ಲ. ಕೂಡಿಯೂ ಗರ್ಭ ನಿಲ್ಲದಿದ್ದಾಗ ಸುಮಾರು 40 ದಿನ ಸುಳ್ಳು ಬಸಿರು ಇರಬಹುದು. ಅದೂ ತಾನಾಗಿಯೇ ಇಳಿಯುತ್ತದೆ. ನಿಜವಾಗಿ ಹೆದರಬೇಕಾದದ್ದು ಗರ್ಭಕೋಶದಲ್ಲಿ ಕೀವು ತುಂಬುವ ರೋಗಕ್ಕೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ಹೊಟ್ಟೆ ಉಬ್ಬಿದಾಗ ಮನೆಯವರು ಬಸಿರೆಂದು ಸಂಭ್ರಮಿಸುತ್ತಾರೆ, ಆದರೆ ಬೆಕ್ಕು ಊಟ ಬಿಟ್ಟು, ಪದೇ ಪದೇ ನೀರು ಕುಡಿಯುತ್ತ, ಮಂಕಾಗಿ ಮೂಲೆ ಸೇರಿರುತ್ತದೆ. ಕೀವು ಹೊರಗೆ ಕಾಣದೆಯೂ ಇರಬಹುದು. ಹಾಗಾಗಿ ನಾಲ್ಕನೆಯ ವಾರದಲ್ಲಿ ಒಮ್ಮೆ ಸ್ಕ್ಯಾನ್ ಮಾಡಿಸುವುದನ್ನು ನಾನು ದುಂದುವೆಚ್ಚವೆಂದು ಎಣಿಸುವುದಿಲ್ಲ. ಕೊನೆಯ ದಿನಗಳಲ್ಲಿ ಎಕ್ಸ್‌ರೇ ತೆಗೆಸಿದರೆ ಮರಿಗಳ ಸಂಖ್ಯೆಯೂ ತಿಳಿಯುತ್ತದೆ.

ಹೆರಿಗೆಯ ದಿನ ಆ ಸಂಖ್ಯೆಯೇ ಆಧಾರ. ನಮ್ಮ ಬೆಕ್ಕು ಒಮ್ಮೆ ರಾತ್ರಿ ಎರಡು ಮರಿ ಹಾಕಿ, ಅವುಗಳಿಗೆ ಹಾಲೂಡಿಸಿ, ತಾನೂ ಮೀನು ತಿಂದು ಮಲಗಿತು. ಮೂರನೆಯದು ಮರುದಿನ ಬೆಳಗ್ಗೆ ಆರೋಗ್ಯವಾಗಿಯೇ ಹುಟ್ಟಿತು. ತಾಯಿ ನೆಮ್ಮದಿಯಾಗಿದ್ದರೆ ಇಂಥ ಬಿಡುವು ಬೆಕ್ಕುಗಳಲ್ಲಿ ಸಹಜ. ಆದರೆ ಅರ್ಧ ಗಂಟೆ ಬಲವಾಗಿ ತಿಣುಕಿದರೂ ಮರಿ ಬಾರದಿದ್ದರೆ, ಅರ್ಧ ಹೊರಬಂದ ಮರಿ ಸಿಕ್ಕಿಕೊಂಡರೆ, ಅಥವಾ ಮೊದಲ ಮರಿಗೂ ಮುನ್ನ ಹಸಿರುಗಪ್ಪು ದ್ರವ ಸುರಿದರೆ ಆ ಕ್ಷಣವೇ ವೈದ್ಯರ ಬಳಿಗೆ ಒಯ್ಯಬೇಕು.

ಹುಟ್ಟಿದ ಮರಿಗಳಿಗೆ ಮೊದಲ ದಿನವೇ ಗಿಣ್ಣುಹಾಲು ಸಿಗಬೇಕು, ಏಕೆಂದರೆ ರೋಗನಿರೋಧಕ ಶಕ್ತಿಯನ್ನು ಅವುಗಳ ಕರುಳು ಹೀರಿಕೊಳ್ಳುವುದು ಆ ಒಂದು ದಿನದೊಳಗೆ ಮಾತ್ರ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬಟ್ಟಲಿಟ್ಟು ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ: ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ತೂಕ ಏರದೆ ನಿಂತ ಮರಿ ಹಾಲು ಕುಡಿಯುತ್ತಿಲ್ಲವೆಂದೇ ತಿಳಿಯಬೇಕು. ಅದಕ್ಕೆ ಹಸುವಿನ ಹಾಲು ಹಿಂಡದೆ, ಬೆಕ್ಕಿನ ಮರಿಗಳಿಗೆಂದೇ ಮಾರುವ ಹಾಲಿನ ಪುಡಿಯನ್ನು ಕಲಸಿ, ಹೊಟ್ಟೆ ಕೆಳಗಾಗಿ ಮಲಗಿಸಿ ಕುಡಿಸಬೇಕು.

ತಾಯಿಗೆ ಈ ವಾರಗಳಲ್ಲಿ ಮಾಮೂಲಿಗಿಂತ ಎರಡು ಮೂರು ಪಟ್ಟು ಆಹಾರ ಬೇಕಾಗುತ್ತದೆ. ಮರಿಗಳಿಗೆಂದು ಮಾರುವ ಪುಷ್ಟಿಯಾದ ಆಹಾರವನ್ನೇ ತಾಯಿಗೂ ಕೊಡಬಹುದು, ನೀರಿನ ಬಟ್ಟಲು ಗೂಡಿನ ಪಕ್ಕದಲ್ಲೇ ಇರಲಿ. ಮನೆಯ ಸಾರಿನ ಅನ್ನದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ಅದು ವಿಷ. ಗೂಡಿನ ನೆಲಕ್ಕೆ ಫಿನಾಯಿಲ್ ಹಾಕಬಾರದು, ಜ್ವರವೆಂದು ಪ್ಯಾರಾಸಿಟಮಾಲ್ ಚೂರನ್ನಂತೂ ಕೊಡಲೇಬಾರದು. ಮೊಲೆ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾದರೆ ಬಾವು. ಅದಕ್ಕಿಂತ ತುರ್ತಿನದು ರಕ್ತದಲ್ಲಿ ಸುಣ್ಣಾಂಶ (ಕ್ಯಾಲ್ಸಿಯಂ) ಕುಸಿಯುವುದು: ತಾಯಿ ಚಡಪಡಿಸುತ್ತದೆ, ಕಾಲು ಸೆಟೆದು ಕೋಲಿನ ಮೇಲೆ ನಡೆದಂತೆ ನಡೆಯುತ್ತದೆ, ಮೈ ನಡುಗುತ್ತದೆ. ಇದಕ್ಕೆ ಮನೆಮದ್ದಿಲ್ಲ, ಗಂಟೆಗಳೊಳಗೆ ಚುಚ್ಚುಮದ್ದು ಸಿಗದಿದ್ದರೆ ಪ್ರಾಣ ಹೋಗಬಹುದು.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. ಗೂಡು ಗಲಾಟೆಯಿಲ್ಲದ, ಬೆಚ್ಚನೆಯ, ಮಬ್ಬು ಬೆಳಕಿನ ಜಾಗದಲ್ಲಿದ್ದು, ನೆಂಟರಿಷ್ಟರು ಗಳಿಗೆಗೊಮ್ಮೆ ಇಣುಕದಿದ್ದರೆ ಈ ಅಲೆದಾಟ ಬಹಳಷ್ಟು ಕಡಿಮೆಯಾಗುತ್ತದೆ. ಹಾಲೂಡಿಸುವ ಬೆಕ್ಕು ಮತ್ತೆ ಬೆದೆಗೆ ಬರಬಲ್ಲದು. ಆದ್ದರಿಂದ ಮರಿಗಳು ಹಾಲು ಬಿಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆ ಆಗುವವರೆಗೆ ಅದನ್ನು ಹೊರಗೆ ಬಿಡಬಾರದು, ರಾತ್ರಿ ಹಿತ್ತಿಲ ಕಿಟಕಿಯನ್ನೂ ಮುಚ್ಚಿರಬೇಕು.