ಪೋರ್ಟಲ್ ಒಂದಾ, ಎರಡಾ? ವಾದ ಬಿಟ್ಟು ಆಡಿ ನೋಡಿದೆ

ಪೋರ್ಟಲ್ 2 ಅನ್ನೋ ಒಗಟಿನ ವಿಡಿಯೋ ಗೇಮ್ ಮೊದಲನೆಯದಕ್ಕಿಂತ ಚೆನ್ನಾಗಿದೆಯಾ? ಈ ವಾದ ನನಗೂ ನನ್ನ ಗೆಳೆಯನಿಗೂ ಯಾವಾಗಲೂ ಇದ್ದದ್ದೇ. ಅವನ ಪ್ರಕಾರ 2007ರ ಪೋರ್ಟಲ್‌ನಲ್ಲಿ ಒಂದು ಗೋಡೆ ಕೂಡ ಜಾಸ್ತಿ ಇಲ್ಲ. 2011ರಲ್ಲಿ ಬಂದ ಎರಡನೆಯದು ಸುಮ್ನೆ ಊದಿಕೊಂಡಿದೆ. ನಾನು ಎರಡನೆಯದರ ಪರ. ಆದರೆ ಇಬ್ಬರೂ ವಾದ ಮಾಡುತ್ತಿದ್ದದ್ದು ಹಳೇ ನೆನಪಿನ ಮೇಲೆ. ಅದಕ್ಕೇ ಎರಡನ್ನೂ ಮತ್ತೆ ಆಡಲು ಕೂತೆ.

ಆಡಿದ್ದು ಉಲ್ಟಾ. ಮೊದಲು ಎರಡನೆಯದು, ಆಮೇಲೆ ಹಳೆಯದು. ಬಂದ ಕ್ರಮದಲ್ಲೇ ಆಡಿದರೆ ಹೊಸದಾಗಿ ಏನು ಸೇರಿದೆ ಅನ್ನುವುದಷ್ಟೇ ಕಣ್ಣಿಗೆ ಬೀಳುತ್ತದೆ. ತಿರುಗಿಸಿ ಆಡಿದರೆ ಏನು ಕೈಬಿಟ್ಟಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ. ಪಕ್ಕದಲ್ಲಿ ಒಂದು ನೋಟ್‌ಬುಕ್. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದೇ ಪದ ಬರೆಯುವುದು: ತಲೆ ಓಡದಿದ್ದರೆ 'ತಲೆ', ಬೆರಳು ಚುರುಕಾಗದಿದ್ದರೆ 'ಕೈ', ದಾರಿ ಕಾಣದಿದ್ದರೆ 'ಕಣ್ಣು'. ಅಂಕ, ಸ್ಟಾರ್ ಏನೂ ಇಲ್ಲ.

ಆಡದವರಿಗೆ ಒಂದು ಮಾತು. ಒಂದೊಂದು ಕೋಣೆಯೂ ಒಂದು ಒಗಟು, ಅದನ್ನು ಬಿಡಿಸಿ ಮುಂದಿನದಕ್ಕೆ ಹೋಗಬೇಕು. ಕೈಯಲ್ಲೊಂದು ಗನ್ ಇರುತ್ತದೆ. ಅದು ಒಂದು ಗೋಡೆಗೆ ನೀಲಿ ಪೋರ್ಟಲ್, ಅಂದರೆ ಬಾಗಿಲಿನಂಥ ಕಿಂಡಿ, ಹಾಕುತ್ತದೆ, ಇನ್ನೊಂದಕ್ಕೆ ಕಿತ್ತಳೆ. ಇದರಲ್ಲಿ ಹೊಕ್ಕರೆ ಅದರಲ್ಲಿ ಹೊರಗೆ. ಎಷ್ಟು ಜೋರಾಗಿ ಬಿದ್ದಿರೋ ಅಷ್ಟೇ ಜೋರಾಗಿ ಆಚೆ ಚಿಮ್ಮುತ್ತೀರಿ.

ನನಗೆ ದೊಡ್ಡ ವ್ಯತ್ಯಾಸ ಕಂಡಿದ್ದು ಒಂದು ಸಣ್ಣ ವಸ್ತುವಿನಲ್ಲಿ. ಹಳೇ ಆಟದಲ್ಲಿ ಬಾಗಿಲು, ಲಿಫ್ಟ್ ಚಾಲೂ ಆಗಬೇಕಾದರೆ ಹೊಳೆಯುವ ಚೆಂಡಿನಂಥ ಒಂದು ಗುಂಡನ್ನು ಅದರ ಗೂಡಿಗೆ ಸೇರಿಸಬೇಕು. ಅದು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಬರುತ್ತದೆ. ಮೈಗೆ ತಾಗಿದರೆ ಕಥೆ ಮುಗೀತು. ಸ್ವಲ್ಪ ಹೊತ್ತಾದರೆ ತಾನೇ ಆರಿಹೋಗುತ್ತದೆ. ಉತ್ತರ ತಲೆಯಲ್ಲಿ ರೆಡಿ ಇದ್ದರೂ ಮುಂದಿನ ಗುಂಡು ಬರುವವರೆಗೆ ಕಾಯುತ್ತಾ ನಿಲ್ಲಬೇಕು. ಎರಡನೆಯದರಲ್ಲಿ ಆ ಜಾಗಕ್ಕೆ ಲೇಸರ್ ಬಂದಿದೆ. ಪೋರ್ಟಲ್ ಹಾಕಿದ ಕೂಡಲೇ ಕೆಂಪು ಗೆರೆ ಎಲ್ಲಿಗೆ ಹೋಗಿ ಬಿತ್ತು ಅಂತ ಕಾಣುತ್ತದೆ. ಅದನ್ನು ಬೇಕಾದ ಕಡೆ ತಿರುಗಿಸಲು ಲೆನ್ಸ್ ಇರುವ ಒಂದು ಡಬ್ಬವೂ ಉಂಟು. ಸ್ವಲ್ಪ ಸರಿಸು, ನೋಡು, ಮತ್ತೆ ಸರಿಸು. ತಪ್ಪಾದರೆ ಯಾಕೆ ತಪ್ಪಾಯಿತು ಅಂತ ಅಲ್ಲೇ ಗೊತ್ತಾಗುತ್ತದೆ. ಗುಂಡಿನ ಕೋಣೆಗಳಲ್ಲಿ ನಾನು ಬರೆದದ್ದು ಹೆಚ್ಚಾಗಿ 'ಕೈ', ಲೇಸರ್ ಕೋಣೆಗಳಲ್ಲಿ 'ತಲೆ'. ಒಗಟಿನ ಆಟ ಕೆಲಸ ಕೊಡಬೇಕಾದ್ದು ತಲೆಗೇ ಅಲ್ವಾ?

ಗೆಳೆಯ ಇದನ್ನು ಒಪ್ಪಲಿಲ್ಲ. "ಗಾಳಿಯಲ್ಲಿ ಹಾರುತ್ತಲೇ ಗುರಿ ಇಟ್ಟು ಮುಂದಿನ ಪೋರ್ಟಲ್ ಹಾಕೋ ಮಜಾ ನಿನ್ನ ಎರಡರಲ್ಲಿ ಎಷ್ಟಿದೆ ಹೇಳು" ಅಂದ. ಕಡಿಮೆಯೇ, ಅದು ನಿಜ. ಇನ್ನೊಂದು ಅಂಕವೂ ಅವನದೇ. ಹಳೆಯದರ 19 ಕೋಣೆಗಳು ಆಟ ಕಲಿಸುವ ರೀತಿಗೆ ಸಾಟಿಯಿಲ್ಲ. ಶುರುವಿನಲ್ಲಿ ನಿಮ್ಮ ಗನ್ ನೀಲಿ ಪೋರ್ಟಲ್ ಮಾತ್ರ ಹಾಕುತ್ತದೆ, ಕಿತ್ತಳೆ ಎಲ್ಲಿರಬೇಕೆಂದು ಕೋಣೆಯೇ ತೀರ್ಮಾನಿಸುತ್ತದೆ. ಕಿತ್ತಳೆ ನಿಮ್ಮ ಕೈಗೆ ಬರುವುದು 11ನೇ ಕೋಣೆಯಲ್ಲಿ. ಅಷ್ಟರಲ್ಲಿ ಪೋರ್ಟಲ್ ಅಂದರೇನು ಅಂತ ಯಾರೂ ವಿವರಿಸದೇ ಮೈಗೂಡಿರುತ್ತದೆ.

ಎರಡನೆಯದು ನಿಜಕ್ಕೂ ಎಡವುವುದು ನಡುವಿನಲ್ಲಿ, ಪಾತಾಳದಂಥ ಹಳೇ ಗಣಿಗೆ ಬಿದ್ದ ಮೇಲೆ. ಕೇಳುವುದಕ್ಕೆ ಆ ಭಾಗ ಬಹಳ ಚೆಂದ. ಕಥೆಯಲ್ಲಿ ಈ ಕೋಣೆಗಳನ್ನು ಕಟ್ಟಿಸಿದ ಕಂಪನಿಯ ಯಜಮಾನ ಕೇವ್ ಜಾನ್ಸನ್‌ಗೆ ನಟ ಜೆ. ಕೆ. ಸಿಮನ್ಸ್ ಕೊಟ್ಟಿರುವ ದನಿಗೇ ನಾನು ಸುಮಾರು ಸಲ ನಿಂತುಬಿಟ್ಟೆ. ನೆಲಕ್ಕೆ, ಗೋಡೆಗೆ ಬಳಿಯುವ ಬಣ್ಣಗಳೂ ಅಲ್ಲೇ ಸಿಗುತ್ತವೆ: ನೀಲಿ ಬಳಿದರೆ ಪುಟಿಯಬಹುದು, ಕಿತ್ತಳೆ ಬಳಿದರೆ ಜೋರಾಗಿ ಓಡಬಹುದು. ಆದರೆ ಕೋಣೆಯಿಂದ ಕೋಣೆಗೆ ಹೋಗುವ ದಾರಿಯಲ್ಲಿ ನೋಟ್‌ಬುಕ್ ತುಂಬಾ 'ಕಣ್ಣು'. ಅಷ್ಟು ದೊಡ್ಡ ಕತ್ತಲಲ್ಲಿ ಎಲ್ಲೋ ಮೇಲೆ ಒಂದು ತುಂಡು ಬಿಳಿ ಗೋಡೆ ಇರುತ್ತದೆ. ಪೋರ್ಟಲ್ ನಿಲ್ಲುವುದು ಅದೊಂದರ ಮೇಲೆ. ಅದು ಕಂಡಿತೋ, ಮುಗೀತು, ಬಿಡಿಸಲು ಇನ್ನೇನೂ ಉಳಿದಿಲ್ಲ. ಇದು ಒಗಟಲ್ಲ, ಕಳೆದುಹೋದ ಬೀಗದ ಕೈ ಹುಡುಕುವ ಕೆಲಸ. ಮುಂದೆ ಯಾವ ಗೋಡೆಗೆ ಬಳಿದರೂ ಪೋರ್ಟಲ್ ನಿಲ್ಲುವಂಥ ಬಿಳಿ ಬಣ್ಣ ಕೊಡುವುದೂ ಇದೇ ಆಟ, ನೋಡಿ!

ನನ್ನ ತೀರ್ಪು ಇಷ್ಟು: ಗಣಿಯ ಓಡಾಟ ಪಕ್ಕಕ್ಕಿಟ್ಟರೆ ಎರಡನೆಯದೇ ಮೇಲು. "ಅಷ್ಟು ದೊಡ್ಡ ಭಾಗ ಪಕ್ಕಕ್ಕಿಟ್ಟು ಚೆನ್ನಾಗಿದೆ ಅಂದ್ರೆ ಅದೆಂಥ ಚೆನ್ನ ಕಣೋ" ಅಂತ ಅವನು ನಕ್ಕ.

ಈಗ ಜಗಳ ಇರುವುದು ಲೆಕ್ಕಕ್ಕೆ ಏನೇನು ಹಿಡಿಯಬೇಕು ಅನ್ನುವುದರಲ್ಲಿ. 2012ರಲ್ಲಿ ಕೋಣೆಗಳನ್ನು ನಾವೇ ಕಟ್ಟುವ ಎಡಿಟರ್ ಬಂತು. ಆಟ ಬಂದು ವರ್ಷ ಕಳೆದಿತ್ತಲ್ಲ, ಅದು ಬೇಡ ಅಂತ ಇಬ್ಬರೂ ಒಪ್ಪಿದೆವು. ಇಬ್ಬರು ಸೇರಿ ಆಡುವ ಜೋಡಿ ಆಟದ್ದೇ ತಕರಾರು. ಎರಡು ರೋಬೋಟ್, ನಾಲ್ಕು ಪೋರ್ಟಲ್. ನಿನ್ನದು ತೆಗೀಬೇಡ, ನಾನಿನ್ನೂ ಗಾಳಿಯಲ್ಲಿದ್ದೀನಿ ಅಂತ ಕೂಗಾಡುತ್ತಾ ಆಡಬೇಕು. ಮೊದಲನೆಯದರಲ್ಲಿ ಇಂಥದ್ದೇ ಇಲ್ಲ, ಹಾಗಾಗಿ ಹೋಲಿಕೆಗೆ ಬರಲ್ಲ ಅನ್ನುವುದು ಅವನ ವಾದ. ಮೊದಲ ದಿನದಿಂದ ಆಟದ ಜೊತೆಗೇ ಬಂದದ್ದನ್ನು ಬಿಡುವುದು ಹೇಗೆ? ನಾನಂತೂ ಲೆಕ್ಕಕ್ಕೆ ಹಿಡಿದಿದ್ದೇನೆ.