ಊರಿಂದೂರಿಗೆ ರೈಲು: ಯಾವ ಕಂಪನಿ, ಯಾವ ಟಿಕೆಟ್? ಬ್ರಿಟನ್‌ಗೆ ಹೊಸದಾಗಿ ಬಂದವರಿಗೆ

ಬಂದ ಹೊಸದರಲ್ಲಿ ನಮ್ಮ ಸಂಘದ ಅರ್ಧ ಜನ ಮಾಡಿದ ತಪ್ಪು ಒಂದೇ. ರೈಲು ಅಂದರೆ ರೈಲು, ಬೋರ್ಡಿನಲ್ಲಿ ನಾವು ಹೋಗಬೇಕಾದ ಊರಿನ ಹೆಸರಿದೆ, ಕೈಯಲ್ಲಿ ಟಿಕೆಟ್ ಇದೆ, ಹತ್ತಿದರಾಯಿತು ಅಂತ ಅಂದುಕೊಂಡಿದ್ದು. ಊರಲ್ಲಿ ರೈಲ್ವೆ ಒಂದೇ, ಕೌಂಟರ್ ಒಂದೇ. ಇಲ್ಲಿ ಹಾಗಲ್ಲ. ಒಂದೇ ಹಳಿಯ ಮೇಲೆ, ಒಂದೇ ಊರಿಗೆ, ಬೇರೆ ಬೇರೆ ಕಂಪನಿಗಳ ರೈಲುಗಳು ಓಡುತ್ತವೆ. 1990ರ ದಶಕದ ನಡುವಲ್ಲಿ ಸರ್ಕಾರದ ಬ್ರಿಟಿಷ್ ರೈಲ್ ಸಂಸ್ಥೆಯನ್ನು ಹಂಚಿ ಖಾಸಗಿಯವರಿಗೆ ಕೊಟ್ಟಾಗ ಶುರುವಾದ ಏರ್ಪಾಡು ಇದು. ಈಗ ಈ ಕಂಪನಿಗಳು ಒಂದೊಂದಾಗಿ ಸರ್ಕಾರದ ಕೈಗೆ ಮರಳುತ್ತಿವೆ. ಆದರೂ ಟಿಕೆಟ್‌ಗಳಲ್ಲಿ ಕಂಪನಿಯ ಹೆಸರು ಉಳಿದೇ ಇದೆ, ಹಾಗಾಗಿ ನಮ್ಮ ಕಷ್ಟವೂ ಉಳಿದಿದೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

ನಾವು ಬಂದು ಎರಡು ತಿಂಗಳಾಗಿತ್ತು. ನಾನು, ನಮ್ಮವರು, ಆರು ವರ್ಷದ ಮಗ. ಬೇರೆ ಊರಿನಲ್ಲಿದ್ದ ನಮ್ಮ ಭಾವನ ಮನೆಗೆ ಹೊರಟಿದ್ದೆವು. ಮೂರು ವಾರ ಮುಂಚೆಯೇ ಅಗ್ಗದ ಟಿಕೆಟ್ ಬುಕ್ ಮಾಡಿದ್ದೆ. ಸ್ಟೇಷನ್ನಿಗೆ ಬೇಗ ಬಂದೆವು. ನಮ್ಮ ರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು, ಪಕ್ಕದ ಪ್ಲಾಟ್‌ಫಾರ್ಮ್‌ನಲ್ಲಿ ಅದೇ ಊರಿಗೆ ಹೋಗುವ ಇನ್ನೊಂದು ರೈಲು ನಿಂತಿತ್ತು. ನೋಡಲು ಚೆನ್ನಾಗಿತ್ತು, ಖಾಲಿಯೂ ಇತ್ತು. ಮಗುವಿಗೆ ಚಳಿ. ಸುಮ್ನೆ ಹತ್ತಿ ಕೂತೆವು. ಅರ್ಧ ಗಂಟೆಯ ಮೇಲೆ ಟಿಕೆಟ್ ನೋಡುವವರು ಬಂದರು. ನಮ್ಮ ಟಿಕೆಟ್ ಬೇರೆ ಕಂಪನಿಯದು, ಈ ರೈಲಿಗೆ ನಡೆಯುವುದಿಲ್ಲ ಅಂದರು. ನಾವು ಹಣ ಕೊಟ್ಟೇ ತಗೊಂಡಿದ್ದು, ಊರೂ ಅದೇ, ದಿನವೂ ಇವತ್ತೇ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಪೂರ್ತಿ ದರದ ಹೊಸ ಟಿಕೆಟ್ ತೆಗೆಸಿದರು. ಮೂವರಿಗೆ 200 ಪೌಂಡ್ ದಾಟಿತು. ಅದು ನಮ್ಮ ಆ ತಿಂಗಳ ದಿನಸಿ ದುಡ್ಡು. ಸುತ್ತಲಿನವರೆಲ್ಲ ನೋಡುತ್ತಿದ್ದರು. ಮಗ "ಅಮ್ಮ, ನಾವು ಕದ್ದಿದ್ದೀವಾ?" ಅಂತ ಕೇಳಿದ. ಆ ಮಾತು ಇವತ್ತಿಗೂ ಮರೆತಿಲ್ಲ.

ನಿಮಗೆ ಹಾಗಾಗಬಾರದು.

ಟಿಕೆಟ್ ಓದುವುದು ಹೇಗೆ

ಟಿಕೆಟ್‌ನಲ್ಲಿ ದರ ಮತ್ತು ಸಮಯ ನೋಡಿ ಸುಮ್ಮನಾಗಬೇಡಿ. "ರೂಟ್" ಅಂತ ಒಂದು ಸಾಲು ಇರುತ್ತದೆ. ಅದನ್ನು ಓದಿ. ಅಲ್ಲಿ "ಎನಿ ಪರ್ಮಿಟೆಡ್" ಅಂತಿದ್ದರೆ ಆ ದಾರಿಯಲ್ಲಿ ಓಡುವ ಯಾವ ಕಂಪನಿಯ ರೈಲಾದರೂ ಆಗುತ್ತದೆ. ಕಂಪನಿಯ ಹೆಸರು ಬರೆದು "ಓನ್ಲಿ" ಅಂತಿದ್ದರೆ ಆ ಕಂಪನಿ ಮಾತ್ರ. ಬೇರೆ ಯಾವುದೂ ಇಲ್ಲ, ಒಂದು ಸ್ಟೇಷನ್ನಿನ ಮಟ್ಟಿಗೂ ಇಲ್ಲ.

ಇನ್ನು ಟಿಕೆಟ್‌ನ ಜಾತಿ ಮೂರು.

ಅಡ್ವಾನ್ಸ್: ಅಗ್ಗ. ಆದರೆ ಒಂದೇ ರೈಲಿಗೆ, ಅದೇ ಸಮಯಕ್ಕೆ ಕಟ್ಟಿಹಾಕಿದ್ದು. ನೀವು ತಡವಾಗಿ ಬಂದು ರೈಲು ತಪ್ಪಿಸಿಕೊಂಡರೆ ಟಿಕೆಟ್ ಸತ್ತಂತೆ. ಮಧ್ಯದಲ್ಲಿ ಇಳಿಯುವಂತೆಯೂ ಇಲ್ಲ. ಬರ್ಮಿಂಗ್‌ಹ್ಯಾಮ್‌ವರೆಗೆ ಅಡ್ವಾನ್ಸ್ ಟಿಕೆಟ್ ಇದೆ, ದಾರಿಯಲ್ಲಿ ಕೊವೆಂಟ್ರಿಯಲ್ಲಿ ಗೆಳತಿ ಇದ್ದಾಳೆ, ಅಲ್ಲೇ ಇಳಿದುಬಿಡೋಣ ಅಂದರೆ ಆಗುವುದಿಲ್ಲ. ದುಡ್ಡು ಜಾಸ್ತಿ ಕೊಟ್ಟಿದ್ದೇವಲ್ಲ, ಕಡಿಮೆ ದೂರ ತಾನೇ ಹೋಗುತ್ತಿದ್ದೇವೆ ಅನ್ನುವ ನಮ್ಮ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಣ ವಾಪಸ್ ಇಲ್ಲ. ರೈಲು ಹೊರಡುವ ಮೊದಲಾದರೆ ಬೇರೆ ಸಮಯಕ್ಕೆ ಬದಲಿಸಬಹುದು, ದರದ ವ್ಯತ್ಯಾಸ ಕಟ್ಟಬೇಕು.

ಆಫ್-ಪೀಕ್: ಆಫೀಸಿನ ಗದ್ದಲದ ಹೊತ್ತು ಬಿಟ್ಟು ಉಳಿದ ಸಮಯಕ್ಕೆ. ಬೆಳಗಿನ ಹೊತ್ತಿಗಷ್ಟೇ ಈ ನಿಯಮ ಅಂದುಕೊಳ್ಳಬೇಡಿ. ಲಂಡನ್ನಿನಿಂದ ಹೊರಡುವ ಕೆಲವು ದಾರಿಗಳಲ್ಲಿ ಸಂಜೆಗೂ ಇದೆ.

ಎನಿಟೈಮ್: ಯಾವಾಗ ಬೇಕಾದರೂ. ಬೆಲೆ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಅಡ್ವಾನ್ಸ್ ಅಗ್ಗ ನಿಜ. ಆದರೆ ನಿಮ್ಮ ಮನೆಯಲ್ಲಿ ಹೊರಡುವ ಹೊತ್ತಿಗೆ ಒಬ್ಬರಿಗೆ ಬಾತ್‌ರೂಮ್, ಇನ್ನೊಬ್ಬರಿಗೆ ಶೂ ಸಿಗುತ್ತಿಲ್ಲ ಅನ್ನುವ ಪರಿಸ್ಥಿತಿ ಇದ್ದರೆ, ಬೆಳಿಗ್ಗೆ ಏಳರ ಅಡ್ವಾನ್ಸ್ ಟಿಕೆಟ್ ತೆಗೆಯಬೇಡಿ. ಐದು ನಿಮಿಷ ಲೇಟಾದರೂ ಪರವಾಗಿಲ್ಲ ಅನ್ನುವ ನಮ್ಮ ಅಭ್ಯಾಸವನ್ನು ಬಿಡಲೇಬೇಕು. ಇಲ್ಲಿ ಹೊರಡುವ ಸಮಯಕ್ಕೆ ಒಂದೆರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತಾರೆ. ಓಡುತ್ತಾ ಹಿಡಿದು ಹತ್ತುವ ಮಾತೇ ಇಲ್ಲ.

ಅಡ್ವಾನ್ಸ್ ಟಿಕೆಟ್ ಸಾಮಾನ್ಯವಾಗಿ ಹನ್ನೆರಡು ವಾರ ಮುಂಚೆ ಮಾರಾಟಕ್ಕೆ ಬರುತ್ತದೆ. ಯಾವ ರೈಲು ಕಂಪನಿಯ ವೆಬ್‌ಸೈಟ್‌ನಲ್ಲಿ ಬೇಕಾದರೂ ಎಲ್ಲ ಕಂಪನಿಗಳ ಟಿಕೆಟ್ ಸಿಗುತ್ತದೆ, ಅಲ್ಲಿ ಬುಕಿಂಗ್ ಫೀ ಇರುವುದಿಲ್ಲ. ಜಾಹೀರಾತು ನೋಡಿ ಬೇರೆ ಆ್ಯಪ್ ಹಾಕಿಕೊಂಡು ಪ್ರತಿ ಸಲ ಫೀ ಕಟ್ಟುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ತರಕಾರಿಗೆ ಹತ್ತು ಪೆನ್ಸ್ ಚೌಕಾಸಿ ಮಾಡುವ ನಾವು ಇದನ್ನು ನೋಡದೇ ಇರುವುದು ಸರಿಯಲ್ಲ, ಅಲ್ವಾ?

ಲಂಡನ್–ಬರ್ಮಿಂಗ್‌ಹ್ಯಾಮ್: ಮೂರು ದಾರಿ

ನಮ್ಮವರು ಹೆಚ್ಚಾಗಿ ಓಡಾಡುವ ದಾರಿ ಇದು. ಆಯ್ಕೆ ಮೂರು.

ಒಂದು, ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಿಂದ ಅವಂತಿ ವೆಸ್ಟ್ ಕೋಸ್ಟ್. ಸುಮಾರು ಒಂದೂಕಾಲು, ಒಂದೂವರೆ ಗಂಟೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ನ್ಯೂ ಸ್ಟ್ರೀಟ್ ಸ್ಟೇಷನ್ ತಲುಪಿಸುತ್ತದೆ. ವೇಗವೂ ಹೆಚ್ಚು, ಸಾಮಾನ್ಯವಾಗಿ ಬೆಲೆಯೂ ಹೆಚ್ಚು.

ಎರಡು, ಅದೇ ಯೂಸ್ಟನ್‌ನಿಂದ ಲಂಡನ್ ನಾರ್ತ್‌ವೆಸ್ಟರ್ನ್. ಮಿಲ್ಟನ್ ಕೀನ್ಸ್, ನಾರ್ಥಾಂಪ್ಟನ್, ಕೊವೆಂಟ್ರಿ ಅಂತ ನಿಲ್ಲುತ್ತಾ ಹೋಗುತ್ತದೆ. ಎರಡು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಆದರೆ ನಾಲ್ಕು ಜನರ ಕುಟುಂಬಕ್ಕೆ ಉಳಿಯುವ ಹಣ ನೋಡಿದರೆ ಆ ಮುಕ್ಕಾಲು ಗಂಟೆ ದೊಡ್ಡದಲ್ಲ.

ಮೂರು, ಮೆರಿಲಿಬೋನ್‌ನಿಂದ ಚಿಲ್ಟರ್ನ್. ಇದು ಬೇರೆ ಹಳಿ. ವಾರಿಕ್, ಸೋಲಿಹಲ್ ಕಡೆ ಮನೆ ಇರುವವರಿಗೆ ಇದೇ ಸರಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮೂರ್ ಸ್ಟ್ರೀಟ್ ಸ್ಟೇಷನ್ನಿಗೆ ಬರುತ್ತದೆ, ಅಲ್ಲಿಂದ ನ್ಯೂ ಸ್ಟ್ರೀಟ್‌ಗೆ ನಡೆದೇ ಹೋಗಬಹುದು. ಮೆರಿಲಿಬೋನ್ ಚಿಕ್ಕ ಸ್ಟೇಷನ್, ಯೂಸ್ಟನ್ನಿನಷ್ಟು ಗಾಬರಿ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ನಾನು ಇದನ್ನೇ ಹೇಳುತ್ತೇನೆ.

ನಿಮ್ಮನ್ನು ಸ್ಟೇಷನ್ನಿನಿಂದ ಕರೆದೊಯ್ಯಲು ಬರುವವರಿಗೆ "ಬರ್ಮಿಂಗ್‌ಹ್ಯಾಮ್‌ಗೆ ಬರುತ್ತಿದ್ದೇವೆ" ಅಂತಷ್ಟೇ ಹೇಳಬೇಡಿ. ಸ್ಟೇಷನ್ ಹೆಸರು ಹೇಳಿ. ಒಂದು ಸಲ ನಮ್ಮ ಸಂಘದ ಸ್ವಯಂಸೇವಕರು ಮಳೆಯಲ್ಲಿ ತಪ್ಪು ಸ್ಟೇಷನ್ ಹೊರಗೆ ಒಂದು ಗಂಟೆ ಕಾದಿದ್ದಾರೆ.

ಲಂಡನ್–ಎಡಿನ್‌ಬರಾ

ಮಕ್ಕಳಿಗೆ ಬೇಸಿಗೆ ರಜೆ ಬಂದರೆ ಎಲ್ಲರಿಗೂ ಸ್ಕಾಟ್ಲೆಂಡ್ ನೋಡುವ ಆಸೆ. ಸುಮಾರು 630 ಕಿಲೋಮೀಟರ್ ದಾರಿ. ಕಿಂಗ್ಸ್ ಕ್ರಾಸ್‌ನಿಂದ ಎಲ್‌ಎನ್‌ಇಆರ್ ಮತ್ತು ಲೂಮೋ, ಎರಡೂ ನಾಲ್ಕೂವರೆ ಗಂಟೆ ಆಸುಪಾಸು. ಎಲ್‌ಎನ್‌ಇಆರ್ 2018ರಿಂದ ಸರ್ಕಾರದ್ದು. ದಿನವಿಡೀ ರೈಲುಗಳಿವೆ, ಊಟದ ಬೋಗಿ ಇದೆ, ಫಸ್ಟ್ ಕ್ಲಾಸ್ ಇದೆ. ಲೂಮೋ 2021ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಐದೇ ಬೋಗಿ, ಒಂದೇ ಕ್ಲಾಸ್, ದಿನಕ್ಕೆ ಕೆಲವೇ ರೈಲು, ಮುಂಚೆ ತೆಗೆದರೆ ಅಗ್ಗ.

ನನ್ನ ಅಭಿಪ್ರಾಯ: ಗಂಡ ಹೆಂಡತಿ ಇಬ್ಬರೇ, ಬೆನ್ನಿಗೊಂದು ಬ್ಯಾಗ್ ಅಂದರೆ ಲೂಮೋ ಸಾಕು. ಪುಟ್ಟ ಮಗು, ತಳ್ಳುಗಾಡಿ, ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಎಲ್‌ಎನ್‌ಇಆರ್. ದಿನಕ್ಕೆ ಹೆಚ್ಚು ರೈಲುಗಳಿರುವ ಕಂಪನಿಯ ಲಾಭ ಗೊತ್ತಾಗುವುದು ಒಂದು ರೈಲು ರದ್ದಾದಾಗ. ಅವರದೇ ಮುಂದಿನ ರೈಲು ಬೇಗ ಇರುತ್ತದೆ. ಐದು ಪೌಂಡ್ ಉಳಿಸಲು ಹೋಗಿ ಮಕ್ಕಳೊಂದಿಗೆ ಪ್ಲಾಟ್‌ಫಾರ್ಮ್‌ನಲ್ಲಿ ಮೂರು ಗಂಟೆ ಕೂರಬೇಡಿ.

ಯೂಸ್ಟನ್‌ನಿಂದ ಅವಂತಿ ರೈಲೂ ಎಡಿನ್‌ಬರಾಗೆ ಹೋಗುತ್ತದೆ. ಪಶ್ಚಿಮದ ಕಡೆಯಿಂದ ಸುತ್ತಿ ಹೋಗುವುದರಿಂದ ಸಮಯ ಜಾಸ್ತಿ. ಅದು ಗ್ಲಾಸ್ಗೋಗೆ ಹೋಗುವವರ ದಾರಿ. ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರಾಗೆ ಹೋಗುವಾಗ ಎಡಗಡೆ ಅಲ್ಲ, ಬಲಗಡೆ ಕಿಟಕಿ ಹಿಡಿಯಿರಿ. ಬರ್ವಿಕ್ ಹತ್ತಿರ ಸಮುದ್ರ ಕಾಣುತ್ತದೆ. ಅದನ್ನು ನೋಡಿದ ದಿನ ನನ್ನ ಮಗ ಹಳೆಯ ಆ ರೈಲನ್ನು ಮರೆತ.

ರಾತ್ರಿ ರೈಲು

ರಾತ್ರಿ ಊಟ ಮುಗಿಸಿ ಹತ್ತಿ, ಬೆಳಿಗ್ಗೆ ಇಳಿದು ಮುಖ ತೊಳೆಯುವುದು ನಮಗೆ ರೂಢಿ. ಇಲ್ಲಿ ಅದು ಮರೆತುಬಿಡಿ. ಇಡೀ ದ್ವೀಪಕ್ಕೆ ಮಲಗುವ ರೈಲು ಎರಡೇ: ಯೂಸ್ಟನ್‌ನಿಂದ ಸ್ಕಾಟ್ಲೆಂಡ್‌ಗೆ ಕ್ಯಾಲೆಡೋನಿಯನ್ ಸ್ಲೀಪರ್, ಲಂಡನ್ನಿನದೇ ಪ್ಯಾಡಿಂಗ್ಟನ್‌ನಿಂದ ನೈರುತ್ಯ ತುದಿಯ ಪೆನ್‌ಜ಼ಾನ್ಸ್‌ಗೆ ನೈಟ್ ರಿವಿಯೆರಾ. ಎರಡೂ ಶನಿವಾರ ರಾತ್ರಿ ಇಲ್ಲ. ಕೋಣೆಯ ದರ ಹೋಟೆಲ್ ದರದಂತಿರುತ್ತದೆ.

ರೈಲ್‌ಕಾರ್ಡ್ ಮಾಡಿಸಿ, ಇವತ್ತೇ

ಮಕ್ಕಳಿರುವ ಮನೆಯವರು ಫ್ಯಾಮಿಲಿ ಆ್ಯಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಇಲ್ಲದೆ ದೂರದ ಟಿಕೆಟ್ ತೆಗೆದರೆ ನನಗೆ ನಿಜವಾಗಿ ಬೇಸರವಾಗುತ್ತದೆ. ವರ್ಷಕ್ಕೆ 35 ಪೌಂಡ್. ದೊಡ್ಡವರ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ, 5ರಿಂದ 15 ವರ್ಷದ ಮಕ್ಕಳಿಗೆ 60 ಶೇಕಡಾ ಕಡಿಮೆ. ಒಂದೇ ಕಾರ್ಡಿನಲ್ಲಿ ನಾಲ್ಕು ಜನ ದೊಡ್ಡವರು, ನಾಲ್ಕು ಮಕ್ಕಳು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರೂ ಇದರೊಳಗೆ ಬಂದರು. ಒಂದು ದೂರದ ಪ್ರಯಾಣದಲ್ಲೇ ಕಾರ್ಡಿನ ಹಣ ವಾಪಸ್ ಬರುತ್ತದೆ.

ಷರತ್ತು: ಕನಿಷ್ಠ ಒಂದು ಮಗು ಜೊತೆಗಿರಬೇಕು, ಕಾರ್ಡಿನಲ್ಲಿ ಹೆಸರಿರುವವರು ಒಬ್ಬರಾದರೂ ಇರಬೇಕು. ಲಂಡನ್ ಸುತ್ತಮುತ್ತ ವಾರದ ದಿನ ಬೆಳಗಿನ ಗದ್ದಲದ ಹೊತ್ತಿಗೆ ನಡೆಯುವುದಿಲ್ಲ. ಕಾರ್ಡ್ ಕೈಯಲ್ಲಿಲ್ಲದೆ ರಿಯಾಯಿತಿ ಟಿಕೆಟ್‌ನಲ್ಲಿ ಹೋಗಬೇಡಿ, ಅದಕ್ಕೂ ದಂಡ ಇದೆ.

ಐದು ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಆದರೆ ಸೀಟೂ ಇಲ್ಲ, ಬೋಗಿ ತುಂಬಿದರೆ ತೊಡೆಯ ಮೇಲೆ. ಮಗನಿಗೆ ಐದು ತುಂಬಿದ ಮೇಲೂ ನಾಲ್ಕು ಅಂತ ಹೇಳಿಸುವ ಪದ್ಧತಿ ದಯವಿಟ್ಟು ಇಲ್ಲಿಗೆ ತರಬೇಡಿ. ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವಷ್ಟು ದುಬಾರಿ ಅಲ್ಲ ಅದು. ನಮ್ಮ ಜನಕ್ಕೆ ಇಲ್ಲಿ ಒಳ್ಳೆಯ ಹೆಸರಿದೆ, ಮೊದಲು ಬಂದವರು ಕಷ್ಟಪಟ್ಟು ಗಳಿಸಿದ್ದು.

ಸೀಟು

ವೇಟಿಂಗ್ ಲಿಸ್ಟ್ ಇಲ್ಲ, ಆರ್‌ಎಸಿ ಇಲ್ಲ, ಚಾರ್ಟ್ ಇಲ್ಲ. ಹಾಗಂತ ಟಿಕೆಟ್ ಇದ್ದವರಿಗೆಲ್ಲ ಸೀಟು ಇರುತ್ತದೆ ಅಂತಲ್ಲ. ಆಫ್-ಪೀಕ್ ಟಿಕೆಟ್ ತೆಗೆದು ಸೀಟು ರಿಸರ್ವ್ ಮಾಡದಿದ್ದರೆ ಶುಕ್ರವಾರ ಸಂಜೆ ಎರಡು ಗಂಟೆ ನಿಲ್ಲಬೇಕಾಗುತ್ತದೆ. ದೂರದ ರೈಲುಗಳಲ್ಲಿ ರಿಸರ್ವೇಶನ್‌ಗೆ ಹೆಚ್ಚಿನ ಹಣ ಇಲ್ಲ. ಬುಕ್ ಮಾಡುವಾಗಲೇ ಕೇಳಿ. ನಿಮ್ಮ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಸಂಕೋಚ ಬೇಡ, ನಂಬರ್ ತೋರಿಸಿ, ಎದ್ದು ಕೊಡುತ್ತಾರೆ.

ಕ್ವೈಟ್ ಕೋಚ್‌ನಲ್ಲಿ ಮಕ್ಕಳೊಂದಿಗೆ ಸೀಟು ತೆಗೆಯಬೇಡಿ. ಎಲ್ಲೇ ಕೂತರೂ ಊರಿಗೆ ವಿಡಿಯೋ ಕಾಲ್ ಮಾಡಿ ಸ್ಪೀಕರ್‌ನಲ್ಲಿ ಮಾತಾಡಬೇಡಿ. ಚಿತ್ರಾನ್ನದ ಡಬ್ಬಿ ಬಿಚ್ಚಿ, ಧಾರಾಳವಾಗಿ ತಿನ್ನಿ, ಆದರೆ ನಾವು ಎದ್ದ ಜಾಗದಲ್ಲಿ ಒಂದು ಅಗುಳೂ ಬಿದ್ದಿರಬಾರದು.

ರೈಲು ತಡವಾದರೆ

ಊರಲ್ಲಿ ತಡವಾದರೆ ನಿಟ್ಟುಸಿರು ಬಿಟ್ಟು ಚಹಾ ಕುಡಿಯುತ್ತಿದ್ದೆವು. ಇಲ್ಲಿ ಹಣ ಕೇಳಿ. ಇದಕ್ಕೆ ಡಿಲೇ ರಿಪೇ ಅನ್ನುತ್ತಾರೆ. ಹೆಚ್ಚಿನ ಕಂಪನಿಗಳಲ್ಲಿ 15 ನಿಮಿಷ ತಡವಾದರೆ ಒಂದು ಕಡೆಯ ದರದ ಕಾಲು ಭಾಗ, 30 ನಿಮಿಷಕ್ಕೆ ಅರ್ಧ, ಒಂದು ಗಂಟೆಗೆ ಪೂರ್ತಿ. ಕೆಲವರಲ್ಲಿ 30 ನಿಮಿಷದಿಂದ ಶುರು. 28 ದಿನದ ಒಳಗೆ ತಡ ಮಾಡಿದ ಕಂಪನಿಯ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬೇಕು, ಟಿಕೆಟ್ ಮಾರಿದವರಿಗಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಬಿಟ್ಟುಬಿಡುವವರೇ ನಮ್ಮಲ್ಲಿ ಜಾಸ್ತಿ. ಅದು ಭಿಕ್ಷೆ ಅಲ್ಲ, ನಿಮ್ಮ ಹಣ.

ಹೊರಡುವ ಮುನ್ನ

- ಭಾನುವಾರ ಹಳಿ ರಿಪೇರಿ ಇರುತ್ತದೆ, ರೈಲಿನ ಬದಲು ಬಸ್ ಇದೆಯಾ ನೋಡಿ
- ಡಿಸೆಂಬರ್ 25ರಂದು ರೈಲೇ ಇಲ್ಲ, 26ರಂದು ಬಹಳ ಕಡಿಮೆ
- ಯೂಸ್ಟನ್, ಕಿಂಗ್ಸ್ ಕ್ರಾಸ್ ಬೇರೆ ಬೇರೆ, ನಡೆದರೆ ಹತ್ತು ಹದಿನೈದು ನಿಮಿಷ
- ಪ್ಲಾಟ್‌ಫಾರ್ಮ್ ನಂಬರ್ ಕೊನೆಯ ಕೆಲವು ನಿಮಿಷದಲ್ಲಿ ಬರುತ್ತದೆ, ಬೋರ್ಡ್ ಕಾಣುವಂತೆ ನಿಲ್ಲಿ
- ಫೋನ್ ಚಾರ್ಜ್ ಸತ್ತರೆ ಟಿಕೆಟ್ ಇಲ್ಲ
- ಪೋರ್ಟರ್ ಸಿಗುವುದಿಲ್ಲ, ನೀವೇ ಎತ್ತಲು ಆಗುವಷ್ಟೇ ಸಾಮಾನು
- ಹತ್ತುವ ಮೊದಲು ಬೋಗಿಯ ಮೇಲಿನ ಕಂಪನಿಯ ಹೆಸರು, ಟಿಕೆಟ್‌ನ ಹೆಸರು ಒಂದೇನಾ ನೋಡಿ

ಅನುಮಾನ ಬಂದರೆ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರುವ ಸಿಬ್ಬಂದಿಗೆ ಟಿಕೆಟ್ ತೋರಿಸಿ "ಈ ರೈಲಿಗೆ ಆಗುತ್ತಾ?" ಅಂತ ಕೇಳಿ. ರೈಲಿನೊಳಗೆ ಅಲ್ಲ, ಹೊರಗೆ, ಹತ್ತುವ ಮೊದಲು. ಭಾಷೆ ತಡವರಿಸಿದರೂ ನಾಚಿಕೆ ಬೇಡ. ಅಲ್ಲಿಯೂ ಗೊತ್ತಾಗದಿದ್ದರೆ ಸಂಘದ ಗುಂಪಿನಲ್ಲಿ ಟಿಕೆಟ್ ಫೋಟೋ ಹಾಕಿ. ಯಾರಾದರೂ ಒಬ್ಬರು ಎರಡು ನಿಮಿಷದಲ್ಲಿ ಉತ್ತರ ಕೊಡುತ್ತೇವೆ. ಬೆಳಿಗ್ಗೆ ಆರು ಗಂಟೆಯಾದರೂ ಸರಿ.