ಬ್ಲೂ ಬಾಯೂದಲ್ಲಿ ನೀರಿನಂಚಿನ ಟೇಬಲ್: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಒಳಗಿರುವ ಬ್ಲೂ ಬಾಯೂ ರೆಸ್ಟೋರೆಂಟಿನಲ್ಲಿ ನೀರಿನಂಚಿನ ಟೇಬಲ್ ಸಿಕ್ಕಿತು. ಅದೂ ಬೇಸಿಗೆ ರಜೆಯ ಶನಿವಾರ, ಮೊಟ್ಟೆಯನ್ನೂ ಮುಟ್ಟದ ಅಮ್ಮನನ್ನು ಕರೆದುಕೊಂಡು ಹೋದಾಗ. "ಅದೆಲ್ಲ ಅದೃಷ್ಟ ಕಣ್ರೀ, ಕೇಳಿದ್ರೆ ಯಾರೂ ಕೊಡಲ್ಲ" ಅಂತ ಹೇಳದ ಸ್ನೇಹಿತರೇ ಇರಲಿಲ್ಲ. ಆಮೇಲೂ ಇದೇ ದಾರಿಯಲ್ಲಿ ಮತ್ತೆ ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬುಕಿಂಗ್ ಮಾಡುವ ಡಿಸ್ನಿಲ್ಯಾಂಡ್ ಆಪ್, ಟಿಕೆಟ್, ಪಾರ್ಕಿಂಗ್ ಎಲ್ಲ ನಿಮಗೆ ಗೊತ್ತಿರುವುದೇ.

ಒಳಗೆ ಎಲ್ಲಿ ಕೂತರೂ ಅದೇ ಊಟ, ಅದೇ ಬೆಲೆ. ಆದರೆ ಹಿಂದಿನ ಸಾಲಿನಲ್ಲಿ ಕೂತರೆ ಅದು ಬರೀ ಕತ್ತಲೆಯ ಹೋಟೆಲ್. ಅಂಚಿನಲ್ಲಿ ಕೂತರೆ ಮಾತ್ರ ಕೊಟ್ಟ ದುಡ್ಡಿಗೆ ಅರ್ಥ. 1967ರ ಮಾರ್ಚ್‌ನಲ್ಲಿ ಪೈರೇಟ್ಸ್ ಆಫ್ ದ ಕೆರಿಬಿಯನ್ ಎಂಬ ದೋಣಿ ಸವಾರಿ ಶುರುವಾದ ದಿನವೇ ಈ ರೆಸ್ಟೋರೆಂಟೂ ಶುರುವಾಯಿತು. ಎರಡೂ ಒಂದೇ ಸೂರಿನಡಿ ಇವೆ. ಸವಾರಿಯ ದೋಣಿಗಳು ನಮ್ಮ ತಟ್ಟೆಯ ಪಕ್ಕದಲ್ಲೇ ಸಾಗುತ್ತವೆ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಸದಾ ರಾತ್ರಿ. ಕಪ್ಪೆ, ಜೀರುಂಡೆಗಳ ಸದ್ದು, ಮಿಂಚುಹುಳದಂಥ ಪುಟ್ಟ ದೀಪಗಳು, ತಲೆ ಮೇಲೆ ಬಣ್ಣದ ಲಾಟೀನು. ಕಾಲಿಡುತ್ತಿದ್ದಂತೆ ಅಮ್ಮ ನನ್ನ ತೋಳು ಹಿಡಿದು, "ಏನೋ ಇದು, ಇಷ್ಟು ಬೇಗ ಕತ್ತಲಾಯ್ತಾ?" ಅಂದರು.

ಕೈ ಕೊಟ್ಟ ದಾರಿಗಳನ್ನು ಮೊದಲು ಹೇಳುತ್ತೇನೆ. ಎಲ್ಲರೂ ಮಾಡುವುದು 60 ದಿನ ಮುಂಚಿನ ಬುಕಿಂಗ್. ಬೆಳಗ್ಗೆ ಆರರ ಹೊತ್ತಿಗೇ ಎದ್ದು ಆಪ್ ಹಿಡಿದು ಕೂರುವುದು. ಇದರಿಂದ ಟೇಬಲ್ ಸಿಗುತ್ತದೆ, ನೀರಿನಂಚು ಸಿಗುವುದಿಲ್ಲ. ಯಾವ ಟೇಬಲ್ ಅಂತ ಆರಿಸಿಕೊಳ್ಳುವ ಅವಕಾಶ ಅಲ್ಲಿಲ್ಲವಲ್ಲ. ನಮಗೆ ಹೀಗೆ ಎಲ್ಲರಿಗೂ ಇಷ್ಟವಾದ ಹನ್ನೆರಡೂವರೆ ಗಂಟೆ ಸಿಕ್ಕಿತ್ತು. ಕೂರಿಸಿದ್ದು ಗೋಡೆ ಪಕ್ಕ.

ಆಮೇಲೆ ಟೇಬಲ್ ಖಾಲಿಯಾದರೆ ಮೆಸೇಜ್ ಕಳಿಸುವ ಒಂದು ಸೇವೆಗೆ ತಿಂಗಳಿಗೆ ಹತ್ತು ಡಾಲರ್ ಆಸುಪಾಸು ಕಟ್ಟಿದೆ. ಮೆಸೇಜ್ ಬಂದು ನಾನು ಒತ್ತುವಷ್ಟರಲ್ಲಿ ಆ ಟೇಬಲ್ ಬೇರೆಯವರ ಪಾಲಾಗಿರುತ್ತಿತ್ತು. ಆ ದುಡ್ಡು ನೀರಿಗೆ ಹೋಯಿತು ಅಂತಲೇ ಲೆಕ್ಕ. ಬುಕಿಂಗ್ ಇಲ್ಲದೆ ಅಲ್ಲೇ ಹೋಗಿ ಹೆಸರು ಬರೆಸುವ ಪಟ್ಟಿಯನ್ನೂ ನೋಡಿದ್ದಾಯಿತು. ಮಧ್ಯಾಹ್ನದ ಹೊತ್ತಿಗೆ ಆ ಪಟ್ಟಿಯೇ ಮುಚ್ಚಿರುತ್ತಿತ್ತು.

ಕೆಲಸ ಮಾಡಿದ್ದು ಹೀಗೆ. 60 ದಿನ ಮುಂಚಿನ ಬುಕಿಂಗಿಗಾಗಿ ನಿದ್ದೆ ಕೆಡಿಸಿಕೊಳ್ಳುವುದನ್ನು ಬಿಟ್ಟೆ. ಬುಕ್ ಮಾಡಿ ಹೋಗದಿದ್ದರೆ ತಲೆಗೆ ಹತ್ತು ಡಾಲರ್ ದಂಡ ಅಲ್ವಾ? ಅದನ್ನು ತಪ್ಪಿಸಿಕೊಳ್ಳಲು ಜನ ಕೊನೇ ಗಳಿಗೆಯಲ್ಲಿ ರದ್ದು ಮಾಡುತ್ತಾರೆ. ಹೋಗುವ ಹಿಂದಿನ ದಿನದಿಂದ ಆಪ್ ಮೇಲೆ ಕಣ್ಣಿಟ್ಟರೆ ಹಾಗೆ ಖಾಲಿಯಾದ ಟೇಬಲ್ ಒಂದಾದರೂ ಉದುರೇ ಉದುರುತ್ತದೆ. ಯಾವ ಹೊತ್ತಿಗೆ ಜಾಸ್ತಿ ಉದುರುತ್ತದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಎಲ್ಲರೂ ಅದೇ ಹೊತ್ತಿಗೆ ಬಂದರೆ ನನಗೇ ಸಿಗುವುದಿಲ್ಲ.

ಇನ್ನು ಹೊತ್ತು. ಮಧ್ಯಾಹ್ನ ಎರಡೂವರೆಯಿಂದ ಮೂರೂವರೆ ಒಳಗೆ ಹಿಡಿಯಿರಿ. ಊಟದ ಗದ್ದಲ ಇಳಿದಿರುತ್ತದೆ, ರಾತ್ರಿಯ ಗುಂಪು ಇನ್ನೂ ಬಂದಿರುವುದಿಲ್ಲ. ನಾವು ಒಟ್ಟು ಏಳು ಜನ ಇದ್ದೆವು. ಬುಕ್ ಮಾಡಿದ್ದು ಮೂವರಿಗೆ ಮಾತ್ರ: ಅಮ್ಮ, ನನ್ನ ಹೆಂಡತಿ, ನಾನು. ದೊಡ್ಡ ಗುಂಪನ್ನು ಅಂಚಿನಲ್ಲಿ ಕೂರಿಸುವುದು ಕಷ್ಟ. ಬಾಗಿಲಲ್ಲಿ ಹೆಸರು ಹೇಳುವಾಗಲೇ ನೀರಿನ ಪಕ್ಕ ಬೇಕು, ಎಷ್ಟು ಹೊತ್ತಾದರೂ ಕಾಯುತ್ತೇವೆ ಅಂತ ಹೇಳಿಬಿಡಬೇಕು. ಒಳಗೆ ಕೂರಿಸಿದ ಮೇಲೆ ಕೇಳಿದರೆ ಆಗುವುದಿಲ್ಲ. ಕೊಟ್ಟೇ ಕೊಡುತ್ತೇವೆ ಅಂತ ಅವರೂ ಮಾತು ಕೊಡುವುದಿಲ್ಲ. ಆದರೆ ಕಾಯುವವರಿಗೆ ಸಿಗುತ್ತದೆ. ನಾವು ಮುಕ್ಕಾಲು ಗಂಟೆ ಕಾದಿದ್ದೆವೇನೋ. ನಾನು ಸೇರಿಸಿ ಹೇಳುವ ಇನ್ನೊಂದು ಮಾತಿದೆ, ಅದು ನನ್ನಲ್ಲೇ ಇರಲಿ.

ಉಳಿದ ನಾಲ್ವರನ್ನು ಏನು ಮಾಡಿದಿರಿ ಅಂತೀರಾ? ತಂಗಿಯ ಸಂಸಾರವನ್ನು ಸವಾರಿಗೆ ಕಳಿಸಿದೆ. ನಾವು ಕೂತ ಕೂಡಲೇ ಫೋನ್ ಮಾಡಿದೆ, ಅವರು ಸಾಲಿಗೆ ನಿಂತರು. ದೋಣಿ ಹತ್ತಿದ ಕೂಡಲೇ ಮೊದಲು ಸಿಗುವುದು ಈ ರೆಸ್ಟೋರೆಂಟಿನ ಅಂಚೇ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಅಮ್ಮನಿಗೆ ಕತ್ತಲಲ್ಲಿ ಎಲ್ಲಿಂದಲೋ "ಅಜ್ಜೀ!" ಅಂತ ಕೂಗು ಕೇಳಿಸಿತು. ಚಾಕು ಹಿಡಿದ ಕೈಯನ್ನೇ ಎತ್ತಿ ಬೀಸಿದರು. ಈ ಪ್ರಯೋಗ ಮಾಡಲೇಬೇಕು. ಸಾಲು ಎಷ್ಟು ಉದ್ದ ಇದೆ ಅಂತ ಮೊದಲೇ ನೋಡಿಕೊಂಡರೆ ಸಾಕು.

ಫೋಟೋಗೂ ಒಂದಷ್ಟು ಒದ್ದಾಡಿದೆ. ಫ್ಲ್ಯಾಶ್ ಹಾಕಿದರೆ ಎಲ್ಲ ಕೆಟ್ಟು ಹೋಗುತ್ತದೆ, ಸುತ್ತಲಿನವರಿಗೂ ಕಿರಿಕಿರಿ. ಫೋನನ್ನು ನೀರಿನ ಲೋಟಕ್ಕೆ ಒರಗಿಸಿ, ನೈಟ್ ಮೋಡ್‌ನಲ್ಲಿ ಮೂರು ಸೆಕೆಂಡ್ ಬಿಟ್ಟರೆ ಲಾಟೀನುಗಳು ನೀರಿನಲ್ಲಿ ಹೊಳೆಯುವುದು ಚೆನ್ನಾಗಿ ಬರುತ್ತದೆ. ದೋಣಿ ಬರೀ ಗೆರೆಯಾಗಿ ಕಾಣುತ್ತದೆ, ಅದೇ ಚೆಂದ.

ಊಟಕ್ಕೆ ಬರೋಣ. ಇದು ಅಮೆರಿಕದ ಲೂಸಿಯಾನಾ ರಾಜ್ಯದ ಕಡೆಯ ಅಡುಗೆ, ಮಾಂಸ ಮೀನು ಜಾಸ್ತಿ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ಅನ್ನ ಬೇಯಿಸಿದ್ದು ಕೋಳಿಯ ಸಾರಿನಲ್ಲಿ ಇರಬಹುದು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮಾಂಸದ ಸಾರೂ ಬೇಡ, ಹಾಲು ಬೆಣ್ಣೆ ಆಗಬಹುದು ಅಂತ ಒಂದೊಂದಾಗಿ ಹೇಳಿ. ಬುಕಿಂಗಿನಲ್ಲಿ ಬರೆದಿದ್ದರೂ ಟೇಬಲ್ಲಿನಲ್ಲಿ ಮತ್ತೆ ಹೇಳಬೇಕು. ನಮ್ಮ ಹತ್ತಿರ ಅಡುಗೆಮನೆಯವರೇ ಬಂದು ಕೇಳಿಕೊಂಡು ಹೋದರು. ಅಮ್ಮನಿಗೆ ತರಕಾರಿ ಹಾಕಿದ ಖಾರದ ಅನ್ನ ಬಂತು. ಬಟ್ಟಲು ಖಾಲಿಯಾಯಿತು. ನಾನು ತಿಂದಿದ್ದು ಮಾಂಟೆ ಕ್ರಿಸ್ಟೊ. ಟರ್ಕಿ ಕೋಳಿ, ಹ್ಯಾಮ್ ಅಂದರೆ ಹಂದಿಮಾಂಸ, ಸ್ವಿಸ್ ಚೀಸ್ ಇಟ್ಟ ಬ್ರೆಡ್ಡನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸುತ್ತಾರೆ. ನಮ್ಮ ಬ್ರೆಡ್ ಬಜ್ಜಿಯ ದೊಡ್ಡಣ್ಣ. ಒಬ್ಬರಿಗೆ ಒಂದು ಜಾಸ್ತಿಯೇ, ಇಬ್ಬರು ಹಂಚಿಕೊಳ್ಳಿ. ಪಕ್ಕದ ಕೆಫೆ ಓರ್ಲಿಯನ್ಸ್‌ನಲ್ಲಿ ನಾನು ಮಾಂಸವಿಲ್ಲದ, ಮೂರು ಚೀಸಿನ ಮಾಂಟೆ ಕ್ರಿಸ್ಟೊ ತಿಂದಿದ್ದೇನೆ. ಮೊಟ್ಟೆ ತಿನ್ನುವ ಸಸ್ಯಾಹಾರಿಗಳಿಗೆ ಅದು ಒಳ್ಳೆಯದು. ರುಚಿಯ ಲೆಕ್ಕದಲ್ಲಿ ಕೆಫೆಯೇ ಒಂದು ಕೈ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಖರ್ಚು: ಮೂವರ ಊಟ, ಒಂದು ಸಿಹಿ, ಮಿಂಟ್ ಜೂಲೆಪ್ ಅನ್ನುವ ಪುದೀನಾ ಪಾನೀಯ, ತೆರಿಗೆ, ನೂರಕ್ಕೆ ಇಪ್ಪತ್ತರ ಟಿಪ್ ಸೇರಿ 190 ಡಾಲರ್ ಹತ್ತಿರ ಆಯಿತು. ಪಾರ್ಕಿನ ಟಿಕೆಟ್ ಬೇರೆ, ಅದು ದಿನ ನೋಡಿಕೊಂಡು 100 ಡಾಲರ್ ಮೇಲಿಂದ 200 ದಾಟುತ್ತದೆ. ಇಷ್ಟು ಕೊಡುವವರು ಗೋಡೆ ನೋಡುತ್ತಾ ಯಾಕೆ ತಿನ್ನಬೇಕು? ಮುಂದಿನ ಸಲ ಫ್ಯಾಂಟಾಸ್ಮಿಕ್ ಅನ್ನುವ ರಾತ್ರಿ ಪ್ರದರ್ಶನಕ್ಕೆ ಜಾಗ ಸೇರಿಸಿ ಕೊಡುವ ರಾತ್ರಿಯೂಟದ ಪ್ಯಾಕೇಜಿನಲ್ಲೂ ಅಂಚಿನ ಟೇಬಲ್ ಹಿಡಿಯಲು ನೋಡುತ್ತೇನೆ. ಅಲ್ಲಿ ಗದ್ದಲ ಇನ್ನೂ ಜಾಸ್ತಿ, ಮೂರು ಗಂಟೆಯ ಉಪಾಯ ನಡೆಯುವುದಿಲ್ಲ. ಬೇರೆ ಲೆಕ್ಕವನ್ನೇ ಹಾಕಬೇಕು.